ಕೊನೆಯ ಬೆಂಚು

ಪಾಸ್ಟರ್ ಎಲಿಯಾಸರ್ ಅವರಿಗೆ ಒಟಿಲಿಯಾಳ ವಂದನೆಗಳು.

ನನ್ನ ಶಿಕ್ಷೆ ಮುಗಿಯಿತು, ಭಾನುವಾರದಿಂದ ಮುಂದೆ ಕುಳಿತು ಹಾಡಬಹುದು ಎಂದು ಹೇಳಿಕಳಿಸಿದ್ದೀರಿ. ಗಂಡನನ್ನು ಬಿಟ್ಟು ತಂಗಿಯ ಮನೆ ಸೇರಿದ್ದಕ್ಕೆ ನನ್ನ ಹಾಡು, ಪ್ರಭುಭೋಜನ ಎರಡನ್ನೂ ನಿಲ್ಲಿಸಿ ಕೊನೆಯ ಬೆಂಚಿಗೆ ಕಳಿಸಿದಾಗ, "ಕರ್ತ ತಾನು ಪ್ರೀತಿಸೋರನ್ನೇ ಶಿಕ್ಷಿಸೋದು ಕಣಮ್ಮ" ಅಂದಿರಿ. ನನ್ನ ಕೈ ಮುರಿದ ದಿನ ಗಂಡ ಫಾಕುಂಡೊ ಅಂದದ್ದೂ ಅದೇ: "ಪ್ರೀತಿ ಇರೋದಕ್ಕೇ ಹೊಡಿಯೋದು ಕಣೇ." ಅವನು ಈಗಲೂ ಮುಂದೆ ನಿಂತು ಪ್ರಭುಭೋಜನದ ರೊಟ್ಟಿ ಹಂಚುತ್ತಾನೆ.

ದೇವರು ನನ್ನನ್ನೂ ತಿದ್ದಿದ್ದಾನೆ, ಇಲ್ಲವೆನ್ನುವುದಿಲ್ಲ. ಅವನು ಎಂದೂ ಎಲುಬು ಮುರಿಯಲಿಲ್ಲ.

ಈ ಕೈಯಲ್ಲಿ ಇನ್ನೂ ಹಿಟ್ಟು ತಟ್ಟಲಾಗದು. ಸಭೆಯ ಊಟಕ್ಕೆ ತೊರ್ತಿಯಾ ರೊಟ್ಟಿ ತಟ್ಟುವ ಕೆಲಸ ಫಾಕುಂಡೊನಿಗೇ ಹೇಳಿ, ಅವನ ಕೈ ಗಟ್ಟಿಯಾಗಿದೆ.

ಭಾನುವಾರ ಬರುತ್ತೇನೆ. ನೀವು ಕೊಟ್ಟ ಕೊನೆಯ ಬೆಂಚೇ ನನಗಿರಲಿ. ಅದು ಬಾಗಿಲಿಗೆ ಹತ್ತಿರ.

ಇಂತಿ ನಿಮ್ಮ ಸಭೆಯವಳು,
ಒಟಿಲಿಯಾ