ಪೀಪಾಯಿ ವಾಸನೆಯ ಅಂಗಿ

ರಾಯಚೂರು
೨೦-೫-೨೦೨೪

ನನ್ನವ್ವ ಉಮಾದೇವಿಗೆ,

ಅಪ್ಪ ತಾಯಣ್ಣನ ಆಶೀರ್ವಾದ. ದೇವದುರ್ಗದಲ್ಲಿ ನೀನು, ಅಳಿಯಂದಿರು ಪಂಪಾಪತಿ, ಕೂಸು ಎಲ್ಲರೂ ಆರಾಮ ಇದ್ದೀರಿ ಎಂದುಕೊಂಡಿದ್ದೇನೆ. ಬರೆಯುವುದು ತಡವಾಯಿತು, ಸಿಟ್ಟಾಗಬೇಡ. ಫೋನಿನಲ್ಲಿ ಮಾತಾಡೋಣವೆಂದರೆ ನಿಮ್ಮವ್ವ ಪಕ್ಕದಲ್ಲೇ ಕಿವಿಗೊಟ್ಟು ಕೂತಿರುತ್ತಾಳೆ. ನೀನೋ, "ಕೂಸು ಅಳಾಕತ್ತದ" ಎಂದು ಇಟ್ಟುಬಿಡುತ್ತೀಯ.

ತಡಕ್ಕೆ ಕಾರಣ ನಮ್ಮ ವಿಸ್ಕಿ ಗೋದಾಮು. ಹೊರದೇಶದಲ್ಲಿ ಒಮ್ಮೆ ಮದ್ಯ ತುಂಬಿ ತೆಗೆದ ಹಳೆಯ ಪೀಪಾಯಿಗಳು ಬಂದಿವೆ. ಹಡಗಿನಲ್ಲಿ ಖಾಲಿ ಬಂದವು ನಮ್ಮ ಬಿಸಿಲು ಕಂಡಿದ್ದೇ ತಡ, ಹಲಗೆಗಳು ಒಣಗಿ ಬಾಯಿಬಿಟ್ಟವು. ನೀರು ತುಂಬಿ, ಕಟ್ಟಿಗೆ ಉಬ್ಬಿ, ಸೋರುವುದು ನಿಲ್ಲುವ ತನಕ ಕಾಯಬೇಕು. "ಸೋಡಾ ಹಾಕಿ ತಿಕ್ಕಿದರ ವಾಸನಿ ಹೋಗಂಗಿಲ್ಲೇನ್ರಿ?" ಎನ್ನುತ್ತಾಳೆ ನಿಮ್ಮವ್ವ. ಹೋದರೆ ಅದನ್ನು ಯಾರು ಕೇಳುತ್ತಾರೆ? ಹಿಂದೆ ತುಂಬಿದ್ದ ಮದ್ಯದ ಘಮಕ್ಕೇ ತರಿಸುವುದು. ಎರಡು ಮೂರು ಸಲ ತುಂಬಿ ಕಟ್ಟಿಗೆ ಸಪ್ಪಗಾದರೆ ಒಳಗೆ ಹೆರೆದು, ಬೆಂಕಿ ತೋರಿಸಿ, ಮತ್ತೆ ತುಂಬುತ್ತೇವೆ.

ತುಂಬಿಟ್ಟರೂ ಬೇಸಿಗೆಗೆ ಒಂದಿಷ್ಟು ವಿಸ್ಕಿ ಹಲಗೆಯೊಳಗಿಂದಲೇ ಗಾಳಿಗೆ ಹೋಗುತ್ತದೆ. ದಿನವಿಡೀ ಆ ಗಾಳಿಯಲ್ಲಿದ್ದರೆ ಅಂಗಿಗೆ ಹತ್ತದೆ ಇರುತ್ತದೆಯೇ? ನಮ್ಮಪ್ಪ ಬುದ್ಧನ ಮುಂದೆ ನಿಂತು ಆಣೆ ಮಾಡಿ ಹೆಂಡ ಬಿಟ್ಟವನು. ನಾನೂ ಒಂದು ಹನಿ ನಾಲಿಗೆಗೆ ಹಚ್ಚಿದವನಲ್ಲ. ಆದರೂ ಓಣಿಯವರು "ಏನಣ್ಣ, ಹಗಲಿಗೇ ಶುರು ಆತೇನು?" ಎಂದು ನಗುತ್ತಾರೆ. ನಾನೂ ನಗುತ್ತೇನೆ.

ಕೂಸಿಗೆ ಹೆಸರಿಡುವ ದಿನ ನಿಮ್ಮವ್ವ ಒಬ್ಬಳೇ ಬಂದಿದ್ದಳು. ತಿರುಗಿ ಬಂದವಳು, "ಉಮಾನ ಅತ್ತೆಯವರಿಗೆ ನಿಮ್ಮ ವಾಸನಿ ಆಗಂಗಿಲ್ಲಂತ. ಅಪ್ಪ ಗೋದಾಮು ಬಿಟ್ಟ ಮ್ಯಾಲ ಬರಲಿ ಅಂತ ಉಮಾ ಹೇಳ್ಯಾಳ" ಎಂದಳು. ಇರಲಿ, ಬೀಗರ ಮನೆಯಲ್ಲಿ ನೀನು ಬಾಳಬೇಕಲ್ಲ.

ಒಡೆದ ಪೀಪಾಯಿಯ ಹಲಗೆಯಿಂದ ಮೊಮ್ಮಗಳಿಗೆ ಮೂರು ಗಾಲಿಯ ತಳ್ಳುಗಾಡಿ ಮಾಡಿದ್ದೇನೆ. ಜೊತೆಗೆ ಕೆಲಸ ಮಾಡುವ ಮುಷರ್ರಫ್ ಗಾಲಿ ಕೂರಿಸಿಕೊಟ್ಟ. ವಾಸನೆ ಹೋಗಲೆಂದು ಮಾಳಿಗೆಯ ಮೇಲೆ ಇಟ್ಟಿದ್ದೇನೆ, ಇನ್ನೂ ಹೋಗಿಲ್ಲ. ಅಷ್ಟರಲ್ಲಿ ಅವಳು ನಡೆಯಲು ಕಲಿತುಬಿಟ್ಟಾಳೆಂದು ಹೆದರಿಕೆ. ಫೋಟೋದಲ್ಲಿ ನೋಡಿ ನೋಡಿ ಸಾಕಾಗಿದೆ, ಉಮಾ. ಒಮ್ಮೆ ಎತ್ತಿಕೊಳ್ಳಬೇಕು ಎನಿಸುತ್ತದೆ. ಬಹಳ ಎನಿಸುತ್ತದೆ.

ಬಿಸಿಲಿಗೆ ಕೂಸನ್ನು ಹೊರಗೆ ತರಬೇಡ. ನೀನೂ ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಮನೆ ತಣ್ಣಗಿರಲಿ.

ನಿನ್ನ ಅಪ್ಪ,
ತಾಯಣ್ಣ

ತಾ.ಕ.: ಇದನ್ನು ಬರೆಯಬಾರದು ಎಂದುಕೊಂಡಿದ್ದೆ. ಹೋದ ವಾರ ಪೀಪಾಯಿಯ ಸಂದಿಗೆ ತುರುಕುವ ಜೊಂಡು ತರಲು ಮಾನ್ವಿಗೆ ಹೋಗಿದ್ದೆ, ಕೆಲಸದ ಅಂಗಿಯಲ್ಲೇ. ಬಸ್ ನಿಲ್ದಾಣದಲ್ಲಿ ನಿನ್ನ ಅತ್ತೆ ಸಿಕ್ಕರು. ಪಕ್ಕದಲ್ಲೇ ಕೂತು, ಚೀಲದಿಂದ ಬಾಳೆಹಣ್ಣು ತೆಗೆದು ಕೊಟ್ಟರು. "ಬೀಗರ, ಮೊಮ್ಮಗಳನ್ನ ನೋಡಾಕ ಯಾವಾಗ ಬರ್ತೀರಿ? ದಾರಿ ಕಾಯಾಕತ್ತೀನಿ. ನಿಮಗ ರಜಾನ ಸಿಗವಲ್ದಂತ, ಉಮಾ ಹೇಳಿದಳು" ಎಂದರು.

"ಹೌದ್ರೀ, ಸಿಗವಲ್ದು" ಎಂದೆ.