ಅಪ್ಪನ ಪಕ್ಕದ ಜಾಗ

೩ ನವೆಂಬರ್ ೧೯೫೨, ಸೋಮವಾರ

ಇವತ್ತೂ ಪಟ್ಟಣದ ಕಚೇರಿಯಲ್ಲಿ ಟ್ರೇಸಿಂಗ್, ತೆಳುಕಾಗದವಿಟ್ಟು ನಕ್ಷೆ ತಿದ್ದುವ ಕೆಲಸ. ಮೂರು ಕಾಲದ ಮೂರು ನಕ್ಷೆ ಶೀಟು, ಮೂರೂ ನಮ್ಮ ಹೊಳೆಯ ಬಯಲೇ. ಕುಂಪಣಿ ಕಾಲದ್ದರಲ್ಲಿ ಹೊಳೆ ಊರಿನ ಪಡುವಲಿಗೆ. ಮುಂದಿನದರಲ್ಲಿ ಮೂಡಲಿಗೆ ಹೊರಳಿದೆ, ಒಂದು ಕೆರೆ ಮಾಯ. ಹೊಸದರಲ್ಲಿ ನಾನು ಅಣೆಕಟ್ಟಿನ ನೀರಿನ ಗಡಿ ಎಳೆಯಬೇಕು. ಕೆಂಚನಹಾಳು ಅದರೊಳಗೆ. ನಮ್ಮೂರು! ಹೆಡ್ ಡ್ರಾಫ್ಟ್ಸ್‌ಮನ್ ಶಂಕರನಾರಾಯಣರು ಉಡುಪಿ ಕಡೆಯವರು. "ಮುಳುಗುವ ಊರಿನ ಹೆಸರು ಬರೆದು ಎಂತ ಮಾಡುವುದು ಮಾರಾಯ್ರೆ?" ಅಂದರು. ಸಿಟ್ಟು ಬಂತು.

೯ ನವೆಂಬರ್, ಭಾನುವಾರ

ಊರು ಮುಳುಗುವ ಸುದ್ದಿ ಅವ್ವನಿಗೆ ಮುಟ್ಟಿದೆ. ಎರಡು ದಿನದಿಂದ ರೊಟ್ಟಿ ಮುಟ್ಟಿಲ್ಲ. ನಮ್ಮಲ್ಲಿ ಹೂಳುವುದು, ಸುಡುವುದಿಲ್ಲ. ಅಪ್ಪನ ಸಮಾಧಿ ಊರಿನ ಹೊಳೆದಂಡೆಯ ಹೊಲದಲ್ಲಿ. ಪಕ್ಕದ ಜಾಗ ಅವ್ವನಿಗೆಂದು ಅಂದೇ ಬಿಟ್ಟದ್ದು. ನಕ್ಷೆಯ ಹಳೆಯ ಪ್ರಿಂಟ್ ಒಂದನ್ನು ಅವಳ ಮುಂದೆ ಹಾಸಿದೆ.

"ಇದರಾಗ ನಿಮ್ಮಪ್ಪ ಎಲ್ಲಿ ಅದಾನ?"

ಬೆರಳಿಟ್ಟೆ.

"ಅಲ್ಲಿಗೆ ನೀರು ಬರತೈತೇನೋ ಪರಮೇಶಿ?"

"ಬರಂಗಿಲ್ಲವ್ವ. ಗೆರಿ ಹಾಕಾಂವ ನಾನೇ ಅಲ್ಲೇನು?"

ಹಸಿ ಸುಳ್ಳು. ಅವ್ವ ಎರಡು ರೊಟ್ಟಿ ತಿಂದಳು. ಹೆಂಡತಿ ಜಗದೇವಿ ಮಾತ್ರ ನನ್ನ ಮುಖವನ್ನೇ ನೋಡುತ್ತಿದ್ದಳು.

೨೧ ಡಿಸೆಂಬರ್

ಸೋದರಮಾವ ದೊಡ್ಡಬಸಪ್ಪ ಬಂದಿದ್ದ. ಅವ್ವ ಅವನ ಜೊತೆ ಊರಿಗೆ ಹೊರಟೇಬಿಟ್ಟಳು. "ಹೆಣ ಸುಡೋ ಈ ಊರಾಗ ಸಾಯಾದು ಬ್ಯಾಡಪ್ಪ ನನಗ." ಸೆಂಟ್ರಲ್ ಸ್ಟೇಷನ್ನಿನಲ್ಲಿ ರೈಲು ಹತ್ತಿಸುವಾಗ ಮಾವನಿಗೆ ನಿಜ ಹೇಳಲು ಬಾಯಿ ತೆರೆದೆ. ಅವ್ವ ನಗುತ್ತಿದ್ದಳು... ಮಳೆಗೆ ಮುಂಚೆ ಕರೆತಂದರಾಯಿತು.

೧೪ ಏಪ್ರಿಲ್ ೧೯೫೩

ಅವ್ವ ಇಲ್ಲ.

ತಂತಿ ಸಿಕ್ಕಿ ನಾನು ತಲುಪುವಷ್ಟರಲ್ಲಿ ಮಣ್ಣು ಮುಗಿದಿತ್ತು. ಅಪ್ಪನ ಪಕ್ಕದಲ್ಲೇ. ಊರು ಅರ್ಧ ಖಾಲಿ. ಜನ ಬಾಗಿಲು, ತೊಲೆ ಕಿತ್ತುಕೊಂಡು ಗುಡ್ಡದ ಹೊಸ ಊರಿಗೆ ಹೋಗಿದ್ದಾರೆ. ಅವ್ವನನ್ನೂ ಅಲ್ಲೇ ಮಣ್ಣು ಮಾಡೋಣ, ಅಪ್ಪನ ಸಮಾಧಿಯ ಹಿಡಿಮಣ್ಣು ತಂದು ಜೊತೆಗಿಡೋಣ ಅಂದಿದ್ದರಂತೆ. ಜೀವ ಹೋಗುವ ಮುಂಚೆ ಅವಳೇ ಒಪ್ಪಲಿಲ್ಲವಂತೆ.

"'ನನ್ನ ಮಗ ನಕ್ಷಾ ಬರದಾನ, ನೀರು ಬರಂಗಿಲ್ಲ' ಅಂದ್ಲು ಅಕ್ಕ," ಎಂದ ಮಾವ. "ಸರ್ವೇದವರ ಮಾತು ಯಾರು ನಂಬ್ತಾರ? ನಿನ್ನ ಮಾತು ನಂಬಿದ್ವಿ."

ಆಗಲೂ ಹೇಳಲಿಲ್ಲ. ಹೇಡಿ ನಾನು.

೨೨ ಜೂನ್, ಸೋಮವಾರ

ಊರ ಕಡೆ ಮಳೆ ಹಿಡಿದಿದೆ. ಅಣೆಕಟ್ಟಿನ ಗೇಟು ಇಳಿಸುತ್ತಾರಂತೆ. ಶೀಟು ಬಣ್ಣಕ್ಕೆ ನನ್ನ ಮೇಜಿಗೇ ಬಂತು. ಬೆಳಿಗ್ಗೆಯಿಂದ ನೀಲಿ ತುಂಬಿದೆ — ಓಣಿ, ಗುಡಿ, ಕಾಲುದಾರಿ. ಹೊಳೆದಂಡೆಯ ಹೊಲ ಅಕ್ಕಿಕಾಳಿನಷ್ಟು ಬೆಳ್ಳಗೆ ಉಳಿಯಿತು. ಕೈ ಮುಂದೆ ಹೋಗಲೊಲ್ಲದು. ಶಂಕರನಾರಾಯಣರು ಹಿಂದೆ ಬಂದು ನಿಂತರು.

"ಅಷ್ಟು ಯಾಕೆ ಬಿಟ್ಟದ್ದು? ಸಂಜೆಯೊಳಗೆ ಶೀಟು ಹೋಗಬೇಕಲ್ಲ."

ಕುಂಚ ಅದ್ದಿದೆ. ಅವ್ವಾ, ನಾನೇ —