ತೆಗ್ಗಿನಾಳದ ಒಡ್ಡಿನ ನೆರಳಾಳುಗಳು

ತೆಗ್ಗಿನಾಳ, ಭೀಮಾ ತೀರ
ಇಸವಿ 2197, ಹೊಳೆ ಏರಿದ ಹನ್ನೊಂದನೆಯ ದಿನ

ಪೂಜ್ಯ ಗುಂಡಮ್ಮ ಆಯಿಗೆ, ನಿನ್ನ ವಂಶದ ಏಳನೆಯ ತಲೆಮಾರಿನ ಮಲ್ಕಮ್ಮ ಮಾಡುವ ಶರಣು. ನನ್ನ ಮಾತು ಅಲ್ಲಲ್ಲಿ ತೊಡಕೆನಿಸಿದರೆ ಕ್ಷಮಿಸು; ನಿಮ್ಮ ಕಾಲದಲ್ಲಿ ಇಲ್ಲದ ಪದಗಳು ನಮ್ಮಲ್ಲಿ ಹುಟ್ಟಿಕೊಂಡಿವೆ.

ಈ ಕಾಗದ ಹಿಂದಕ್ಕೆ ಹೋಗಿ ನಿನ್ನ ಕಾಲದಲ್ಲಿ ನಿನ್ನ ಕೈ ಸೇರುವ ಹೊತ್ತಿಗೆ, ಪ್ರವಾಹ ತಡೆಯಲು ಸರ್ಕಾರ ನಿಮ್ಮೂರಿಗೆ ಒಡ್ಡು ಕಟ್ಟಿಸುತ್ತಿದೆ, ನಾಳೆ ಕೆಲಸ ಶುರು. ನೂರಕ್ಕೆ ಅರವತ್ತು ಆಳು ಊರಿನವರೇ ಇರಬೇಕೆಂಬ ಷರತ್ತನ್ನು ಪಂಚಾಯಿತಿ ಸದಸ್ಯೆಯಾದ ನೀನೇ ಜಗಳವಾಡಿ ಗುತ್ತಿಗೆಯಲ್ಲಿ ಹಾಕಿಸಿರುವೆ. ಅದಕ್ಕಾಗಿ ಈಗಲೂ ನಿನ್ನ ಹೆಸರು ಹೇಳುತ್ತೇವೆ. ಆದರೆ ಮುಂದೆ ಆದದ್ದೇ ಬೇರೆ. ಕಂಪನಿಯ ಮೇಸ್ತ್ರಿ, "ಹೆಬ್ಬೆಟ್ಟು ಒತ್ತಿ ಮನಿಗ್ ಹೋಗ್ರಿ, ಬಿಸಿಲಾಗ ಯಾಕ್ ಸಾಯ್ತೀರಿ?" ಎಂದ. ಊರವರು ದಿನಾ ಬೆಳಿಗ್ಗೆ ಯಂತ್ರಕ್ಕೆ ಹೆಬ್ಬೆಟ್ಟು ಒತ್ತಿ ಮನೆಗೆ ಮರಳಿದರು, ಕೂಲಿ ತಪ್ಪಲಿಲ್ಲ; ಒಡ್ಡು ಕಟ್ಟಿದ್ದು ಕಂಪನಿ ಹೊರಗಿನಿಂದ ಕರೆತಂದ ಆಳುಗಳು. ಹಾಜರಿಯಲ್ಲಿದ್ದು ಕೆಲಸದಲ್ಲಿಲ್ಲದ ಇಂಥವರನ್ನು ನಾವು ನೆರಳಾಳು ಎನ್ನುತ್ತೇವೆ. ಸಾಲಿನಲ್ಲಿ ಮೊದಲು ನಿಂತವನು ನಿನ್ನ ಮಗ ಸಾಯಬಣ್ಣ. "ಕುಂತು ಉಣ್ಣಾದು ಬಂದದ, ಒಲ್ಲೆ ಅನ್ಲಾಕ ನನಗೇನ್ ಹುಚ್ಚ ಹಿಡದದೇನು?" ಎಂದನಂತೆ. ಈ ಮಾತನ್ನು ನಮ್ಮ ಮನೆಯ ಮದುವೆಗಳಲ್ಲಿ ಹೇಳಿಕೊಂಡು ನಗುತ್ತಿದ್ದೆವು.

ಈಗ ಹೊಳೆ ನಮ್ಮ ಮಾಳಿಗೆಗಿಂತ ಎತ್ತರದಲ್ಲಿ ಹರಿಯುತ್ತದೆ, ಊರು ಒಡ್ಡಿನ ಬುಡದಲ್ಲಿದೆ. ಜೋಳದ ಚೀಲ, ಮಲಗುವ ಹೊರಸು ಎಲ್ಲವನ್ನೂ ತೊಲೆಗೆ ಕಟ್ಟಿ ಮೇಲೆಳೆದಿದ್ದೇವೆ. ರೊಟ್ಟಿ ಬಡಿಯುವುದು ಮಾಳಿಗೆಯ ಮೇಲೆ. ದಿನಕ್ಕೆರಡು ಸಲ ಹೆಂಗಸರು ಒಡ್ಡಿನ ಕಲ್ಲಿಗೆ ಕಿವಿಯಿಟ್ಟು ಒಳಗೆ ನೀರು ಸುಳಿಯುವ ಸದ್ದು ಆಲಿಸುತ್ತಾರೆ, ಇದು ಕಿವಿಗಾವಲು. ಒಳಗೆ ಜಿನುಗಿದ ನೀರು ಹೊರಹೋಗಲು ಒಡ್ಡಿನಲ್ಲಿ ಬಸಿಗಿಂಡಿಗಳಿವೆ. ಅವುಗಳ ಹೂಳು ತೆಗೆದರೆ ಒಡ್ಡು ಉಳಿಯುತ್ತದೆ. ಮಣ್ಣಿನಲ್ಲಿ ಮುಚ್ಚಿಹೋದ ಅವು ಎಲ್ಲಿವೆ ಎಂಬುದು ಕಟ್ಟಿದವರಿಗೆ ಗೊತ್ತಿತ್ತು. ಅವರು ದೂರದವರು, ಕೆಲಸ ಮುಗಿಸಿ ಹೋದರು. ನಕ್ಷೆಯೂ ಕಂಪನಿಯೊಂದಿಗೆ ಹೋಯಿತು. ನಮ್ಮವನೊಬ್ಬ ಅಲ್ಲಿ ಕಲ್ಲು ಹೊತ್ತಿದ್ದರೂ ಸಾಕಿತ್ತು, ಮಗನಿಗೆ ತೋರಿಸುತ್ತಿದ್ದ, ಅವನು ತನ್ನ ಮಗನಿಗೆ.

ಮೊನ್ನೆ ನನ್ನ ಗಂಡ ಅಯ್ಯಾಳಪ್ಪ ಅಂದಾಜಿನ ಮೇಲೆ ಅಗೆದ. ಎರಡು ಕಡೆ ಬರೀ ಮಣ್ಣು. ಮೂರನೆಯ ಕಡೆ ಒಡ್ಡು ಕುಸಿದು ಅವನ ಮೇಲೆ ಬಿತ್ತು. ಹೆಣ ತೆಗೆಯಲು ಹೋದರೆ ಊರೇ ಕೊಚ್ಚಿಹೋಗುತ್ತದೆಂದು ಅವನನ್ನು ಅಲ್ಲೇ ಬಿಟ್ಟು ಮೇಲೆ ಮರಳಿನ ಚೀಲ ಒಟ್ಟಿದೆವು. ಒಟ್ಟಿದವರಲ್ಲಿ ನಾನೂ ಒಬ್ಬಳು.

ಆಯಿ, ನಿನ್ನ ಮೇಲೆ ನನಗೆ ಸಿಟ್ಟಿದೆ, ಪ್ರೀತಿಯೂ ಇದೆ. ಷರತ್ತು ಬಿಡಬೇಡ. ಆದರೆ ಹಾಜರಿ ನೋಡಿ ಸುಮ್ಮನಾಗಬೇಡ. ದಿನವೂ ಹೋಗಿ ಯಾರ ಕೈಯಲ್ಲಿ ಸಲಿಕೆ ಇದೆ ನೋಡು. ನಾಳೆ ಬಿಸಿಲೇರುವ ಮೊದಲೇ ಸಾಯಬಣ್ಣ ನಗುತ್ತ ಮನೆಗೆ ಬರುತ್ತಾನೆ. ಅವನಿಗೆ ರೊಟ್ಟಿ ಹಾಕಬೇಡ. ಬಾಗಿಲು ಹಾಕಿಕೋ.